ಸೊಟ್ಟ ಬದು

ಹಣೆಯ ಮೇಲೆ ನಾಲ್ಕನೆಯ ಹನಿ ಬಿದ್ದಾಗಲೂ ವೆಲ್ಡಾ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಎಚ್ಚರವಾಗಿರುವುದು ಗಂಡ ಲೈಲ್‌ಗೆ ತಿಳಿಯುತ್ತದೆ, ತಿಳಿದರೆ ‘ಚೆನ್ನಾಗಿ ನಿದ್ದೆ ಬಂತಾ’ ಎಂದು ಕೇಳುತ್ತಾನೆ, ಕೇಳಿದರೆ ಹೌದೆನ್ನಬೇಕು. ಮೂಗಿನಿಂದ ಎರಡು ಗೇಣು ಮೇಲೆ ಕ್ಯಾಂಪರಿನ ಛಾವಣಿ. ಛಾವಣಿಯನ್ನು ಎತ್ತಿ ನಿಲ್ಲಿಸಿದಾಗ ಅದಕ್ಕೂ ಪಿಕಪ್ಪಿನ ಬೆನ್ನಮೇಲೆ ಕೂತ ಪೆಟ್ಟಿಗೆಗೂ ನಡುವೆ ಸುತ್ತ ಬಿಚ್ಚಿಕೊಳ್ಳುವ ಬಟ್ಟೆಯ ಗೋಡೆ. ಎರಡು ರಾತ್ರಿ ಇಬ್ಬರೂ ಬಿಟ್ಟ ಉಸಿರೆಲ್ಲ ಆ ಬಟ್ಟೆಗಂಟಿ ಹರಳುಗಟ್ಟಿದ್ದದ್ದು, ಈಗ ಹೀಟರು ಹತ್ತಿದ್ದೇ ತಡ ಕರಗಿ ತೊಟ್ಟಿಕ್ಕುತ್ತಿತ್ತು. ಇದೆಲ್ಲ ಲೈಲ್‌ನ ಉಸಿರೇ ಇರಬೇಕು ಅಂದುಕೊಂಡಳು. ಅವನು ಮಲಗಿದ್ದ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ.

ಅವನು ಆಗಲೇ ಎದ್ದು, ಎರಡು ಹೆಜ್ಜೆಯಷ್ಟೇ ಇದ್ದ ನೆಲದಲ್ಲಿ ನಿಂತು ಓಟ್ಸ್ ಗಂಜಿ ಕಲಕುತ್ತಿದ್ದ. ‘ಹದಿನೆಂಟು ಇಂಚು ಕಣೇ!’ ಅಂದ, ತಾನೇ ಕೂತು ಸುರಿಸಿದವನ ಹಾಗೆ. ‘ಇನ್ನೂ ಬೀಳ್ತಾ ಇದೆ. ಎದ್ದು ನೋಡು ಎಷ್ಟು ಚೆಂದ.’ ಹದಿನೆಂಟಲ್ಲ, ಇಪ್ಪತ್ತೆರಡು. ಮೇಲಿನ ಹತ್ತು ಒಣ ಹಿಮ, ಕೆಳಗಿನದು ನಿನ್ನೆ ಸಂಜೆಯ ಒದ್ದೆ ಹಿಮ. ಛಾವಣಿಯ ತಗಡು ಆಗೀಗ ಮಾಡುತ್ತಿದ್ದ ಸದ್ದಿನಿಂದಲೇ ಅವಳಿಗೆ ತೂಕ ಗೊತ್ತಾಗುತ್ತಿತ್ತು. ಇಪ್ಪತ್ನಾಲ್ಕು ಚಳಿಗಾಲ ಇದೇ ಘಾಟಿಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿದವಳು ಅವಳು. ಮೇಲಿನ ಹಿಮವನ್ನು ಈಗಲೇ ಗುಡಿಸದಿದ್ದರೆ ಛಾವಣಿ ಇಳಿಸುವಾಗ ಕಷ್ಟ ಎಂಬ ಮಾತು ಗಂಟಲಿನವರೆಗೆ ಬಂತು, ಬಂದು ನಿಂತಿತು. ಮನೆಯಿಂದ ಹೊರಡುವಾಗ ಒಂದು ಕರಾರು ಆಗಿತ್ತು. ‘ಮೂರು ದಿನ ನೀನು ಏನೂ ಮಾಡಬಾರದು, ಏನೂ ಹೇಳಬಾರದು. ಎಲ್ಲಾ ನಾನು ನೋಡ್ಕೋತೀನಿ. ನೀನು ಸುಮ್ನೆ ಕೂತು ಹಿಮ ನೋಡು,’ ಅಂದಿದ್ದ. ಹಿಮದಿಂದ ಆದ ನೋವು ಹಿಮದ ನಡುವೆಯೇ ವಾಸಿಯಾಗಬೇಕೆಂದು ಹಲ್ಲಿನ ಡಾಕ್ಟರ ಹತ್ತಿರ ಕಾಯುವಾಗ ಯಾವುದೋ ಪತ್ರಿಕೆಯಲ್ಲಿ ಓದಿದ್ದನಂತೆ. ನಲವತ್ತು ವರ್ಷ ಪ್ರೌಢಶಾಲೆಯಲ್ಲಿ ಬಡಗಿ ಕೆಲಸ ಕಲಿಸಿದ ಮನುಷ್ಯ. ಓದಿದ್ದನ್ನು ಮಾಡಿ ನೋಡದೆ ಬಿಡುವವನಲ್ಲ.

ಅವಳು ಎದ್ದು ಬೂಟು ಹಾಕಿಕೊಂಡಳು. ಒಲೆಯ ಪಕ್ಕದ ಮರದ ಸೌಟು ತೆಗೆದುಕೊಂಡಳು.

‘ಎಲ್ಲಿಗೆ?’

‘ಈಗ ಬಂದೆ.’

‘ಹೀಟರಿನ ಬಾಯಿ ನೋಡೋಕೆ ತಾನೆ? ವೆಲ್ಡಾ, ಅಲಾರಂ ಇದೆ, ಹೊಸ ಬ್ಯಾಟರಿ ಹಾಕಿದೀನಿ. ಹೀಟರಿನ ಹೊಗೆ ಒಳಗೆ ಬಂದರೆ ಅದೇ ಕೂಗುತ್ತೆ. ನಿನ್ನೆಯಿಂದ ಇದು ಹದಿನಾರನೇ ಸಲ.’

‘ಎಣಿಸ್ತಾ ಇದೀಯಾ?’

‘ಎಣಿಸದೆ ಏನು ಮಾಡಲಿ? ಬಾಗಿಲು ತೆಗೆದಾಗಲೆಲ್ಲ ಬಿಸಿ ಹೊರಗೆ ಹೋಗುತ್ತೆ.’

ಹೊರಗೆ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತಿತ್ತು. ಆಕಾಶ ಯಾವುದು ಗುಡ್ಡ ಯಾವುದು ಗೊತ್ತಾಗದ ಆ ಬಿಳುಪು ಅವಳಿಗೆ ಹೊಸದಲ್ಲ. ಕ್ಯಾಂಪರಿನ ಪಕ್ಕೆಯಲ್ಲಿ ಅಂಗೈಯಗಲದ ಜಾಲರಿ, ಹೀಟರು ಹೊಗೆ ಬಿಡುವ ಬಾಯಿ. ಅದರ ಮುಂದೆ ಒಂದು ಹಿಡಿ ಹಿಮವೂ ಇರಲಿಲ್ಲ; ಅರ್ಧ ಗಂಟೆಯ ಹಿಂದೆ, ಲೈಲ್ ಏಳುವ ಮೊದಲು, ತಾನೇ ಕೆರೆದು ಬಂದು ಮಲಗಿದ್ದಳು. ಆದರೂ ಬಗ್ಗಿ ಸೌಟಿನಿಂದ ಸುತ್ತ ಕೆರೆದಳು, ಅಂಗೈ ಒಡ್ಡಿ ಬಿಸಿಯುಸಿರು ಬರುವುದನ್ನು ನೋಡಿದಳು. ಹೀಗೆಯೇ ಹಾರ್ಲನ್ ವೀಡ್‌ನ ಕಾರಿನ ಹಿಂದೆ ಯಾರಾದರೂ ಬಗ್ಗಿದ್ದರೆ. ಯಾರಾದರೂ ಎಂದರೆ ಯಾರು? ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಇದ್ದವಳು ಅವಳೊಬ್ಬಳೇ. ಕ್ಷೌರಿಕ ಹಾರ್ಲನ್ ಬಿರುಗಾಳಿ ನಿಲ್ಲಲೆಂದು ರಸ್ತೆ ಬದಿಯ ತಂಗುಜಾಗದಲ್ಲಿ ಕಾರು ನಿಲ್ಲಿಸಿ, ಚಳಿಗೆ ಎಂಜಿನ್ ಓಡಿಸಿಕೊಂಡು ಕೂತಿದ್ದ. ಕಾರು ಹಿಮ ಹೊದ್ದು ಗುಡ್ಡೆಯಾಗಿತ್ತು. ಅವಳ ಲಾರಿ ಹಾದುಹೋಯಿತು. ಲಾರಿಯ ಬಲಗಡೆ ರೆಕ್ಕೆಯ ಹಾಗೆ ಚಾಚಿದ ಬ್ಲೇಡು ತಳ್ಳಿದ ಹಿಮ ಕಾರಿನ ಹಿಂಭಾಗಕ್ಕೆ ಬದುವಿನಂತೆ ಒತ್ತಿ ಕೂತು ಹೊಗೆಕೊಳವೆಯನ್ನು ಮುಚ್ಚಿತು, ವಿಷದ ಹೊಗೆ ಕಾರಿನೊಳಗೇ ತುಂಬಿತು. ಒಂದು ಗಂಟೆಯ ಮೇಲೆ ಅಂಚೆಯವನು ಕಂಡು ಎಳೆದು ಹಾಕಿದ. ಹಾರ್ಲನ್ ಬದುಕಿದ; ಅವನ ಮಾತುಗಳು ಬದುಕಲಿಲ್ಲ. ಹೋದ ತಿಂಗಳು ದಿನಸಿ ಅಂಗಡಿಯಲ್ಲಿ ಸೇಬಿನ ರಾಶಿಯ ಮುಂದೆ ಎದುರಾದವನು ಮುಖವೆಲ್ಲ ನಗುತ್ತಾ ಅವಳ ಕೈ ಹಿಡಿದುಕೊಂಡ. ‘ನೀನು... ನೀನು... ಅದು,’ ಅಂದ. ಹೆಸರು ಹುಡುಕುತ್ತಾ ಹುಡುಕುತ್ತಾ ಬೆವರಿದ. ಕೊನೆಗೆ ‘ಬಿಳೀದು!’ ಅಂದು ಗೆದ್ದವನ ಹಾಗೆ ಸುತ್ತ ನೋಡಿದ. ಅವನ ಹೆಂಡತಿ ನೆಲ್ಲಿ, ‘ಹೌದು ಹೌದು, ವೆಲ್ಡಾ, ಹಿಮದ ಲಾರಿ ಓಡಿಸ್ತಾರಲ್ಲ ಅವರು,’ ಎಂದು ಬೆನ್ನು ಸವರಿ ಕರೆದೊಯ್ದಳು. ಹೋಗುವಾಗ ವೆಲ್ಡಾಳ ಬೆನ್ನನ್ನೂ ಸವರಿದಳು. ಆ ಸವರಿದ ಜಾಗ ಇನ್ನೂ ಉರಿಯುತ್ತಿದೆ. ಬೈದಿದ್ದರೆ? ಸೇಬು ತೆಗೆದು ಮುಖಕ್ಕೆ ಹೊಡೆದಿದ್ದರೆ? ಊರಿಗೆ ಊರೇ ಸೇರಿ ತನ್ನನ್ನು ಹತ್ತಿಯಲ್ಲಿ ಸುತ್ತಿಟ್ಟಿದೆ. ವಿಚಾರಣೆಯವರು ತಪ್ಪಿಲ್ಲ ಅಂದರು, ಪಾದ್ರಿ ತಪ್ಪಿಲ್ಲ ಅಂದರು. ಇಲಾಖೆಯವರು ಅವಳನ್ನು ಲಾರಿಯಿಂದಿಳಿಸಿ ಕೈಗವಸು, ಟಾರ್ಚು ಹಂಚುವ ಮೇಜಿಗೆ ಕೂರಿಸಿದರು, ಅದೂ ಪ್ರೀತಿಯಿಂದಲೇ. ಹನ್ನೊಂದು ತಿಂಗಳಿಂದ ಅವಳು ಯಾವ ಗಾಡಿಯ ಚಕ್ರವನ್ನೂ ಹಿಡಿದಿಲ್ಲ.

ಒಳಗೆ ಬಂದಾಗ ಅತಿಥಿ ಬಂದಾಗಿತ್ತು. ಪಕ್ಕದಲ್ಲಿ ವ್ಯಾನು ನಿಲ್ಲಿಸಿಕೊಂಡಿದ್ದ ಬಾಯ್ಸೀ ನಗರದ ಮಾರ್ಗೋ ಎಂಬ ಹೆಂಗಸು ಮಗ್ಗು ಹಿಡಿದು ವೆಲ್ಡಾಳ ಜಾಗದಲ್ಲೇ ಕೂತಿದ್ದಳು; ಕಾಲಬುಡದಲ್ಲಿ ಅವಳ ಮುದಿನಾಯಿ ಇದ್ದ ನೆಲವನ್ನೆಲ್ಲ ಆಕ್ರಮಿಸಿ ಮಲಗಿತ್ತು. ವೆಲ್ಡಾ ಸಂಚಾರಿ ಶೌಚದ ಡಬ್ಬಿಯ ಮುಚ್ಚಳದ ಮೇಲೆ ಕೂರಬೇಕಾಯಿತು. ಲೈಲ್ ಕಾಫಿ ಬಗ್ಗಿಸುತ್ತಾ ಹಿಮದ ಬಗ್ಗೆ ಪಾಠ ಮಾಡುತ್ತಿದ್ದ: ಛಾವಣಿಯ ಮೇಲಿನ ಹಿಮ ಕಂಬಳಿ ಇದ್ದ ಹಾಗೆ, ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಗುಡಿಸುವವರು ದಡ್ಡರು. ‘ನಿಮ್ಮವರಿಗೆ ಎಷ್ಟು ಗೊತ್ತು!’ ಅಂದಳು ಮಾರ್ಗೋ ಅವಳತ್ತ ತಿರುಗಿ. ವೆಲ್ಡಾ ಸೌಟನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸಿದಳು. ಆಮೇಲೆ ಲೈಲ್‌ನ ದನಿ ಇಳಿಯಿತು. ಅವನು ಯಾವುದಕ್ಕೆ ದನಿ ಇಳಿಸುತ್ತಾನೆಂದು ಗೊತ್ತಿತ್ತು. ‘ಇವಳಿಗೆ ಹೋದ ಫೆಬ್ರವರಿಯಲ್ಲಿ...’ ಎಂದು ಶುರುಮಾಡಿದ. ಎರಡು ಅಡಿ ದೂರದಲ್ಲಿ ಕೂತವಳನ್ನು ರೋಗಿಯೆಂಬಂತೆ ಇಟ್ಟುಕೊಂಡು ಎಲ್ಲವನ್ನೂ ಹೇಳಿದ: ಬಿರುಗಾಳಿ, ಲಾರಿ, ಹಾರ್ಲನ್. ‘ಬಾನೆಟ್ಟಿನ ಮುಂದೆ ಏನೂ ಕಾಣದ ಬಿಳುಪು ರೀ. ದೇವರಿಗೂ ಕಾಣ್ತಿರಲಿಲ್ಲ. ಇವಳ ತಪ್ಪು ಒಂದು ಎಳ್ಳಷ್ಟೂ ಇಲ್ಲ. ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ.’

‘ಅಯ್ಯೋ ಪಾಪ,’ ಎಂದು ಮಾರ್ಗೋ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ‘ಎಷ್ಟು ನೊಂದಿರಬೇಕು ನೀವು. ನಿಮ್ಮನ್ನ ನೀವು ಕ್ಷಮಿಸಿಕೊಳ್ಳಬೇಕು ಕಣ್ರೀ.’

ಡಬ್ಬಿಯ ಮುಚ್ಚಳ ಕಿರ್ರೆಂದಿತು. ಇದರ ಮೇಲೆ ಕೂತು ಇದನ್ನು ಕೇಳಬೇಕಾಯಿತಲ್ಲ ಎಂದು ಅವಳಿಗೆ ನಗು ಬಂದಂತಾಗಿ ಅದು ಮುಖದ ಮೇಲೆ ಏನಾಗಿ ಕಂಡಿತೋ, ಮಾರ್ಗೋಳ ಕಣ್ಣು ತುಂಬಿಕೊಂಡಿತು. ಇವರಿಗೆ ಆ ಮಧ್ಯಾಹ್ನದ ನಿಜ ಹೇಳಿದರೆ? ಪಾಳಿ ಮುಗಿದು ನಾಲ್ಕು ಗಂಟೆ ಕಳೆದಿದ್ದರೂ ಲಾರಿಯಲ್ಲೇ ಇದ್ದಳು. ಎರಡು ಗಂಟೆ ಹೊತ್ತಿನಿಂದ ಮೂತ್ರ ಕಟ್ಟಿಕೊಂಡಿದ್ದಳು. ಗಂಡಸರು ಟೈರಿನ ಪಕ್ಕ ನಿಂತು ಮುಗಿಸುತ್ತಾರೆ. ಅವಳು ಇಪ್ಪತ್ನಾಲ್ಕು ವರ್ಷ ತುಟಿ ಕಚ್ಚಿಕೊಂಡು ಡಿಪೋ ಮುಟ್ಟುವುದನ್ನು ರೂಢಿ ಮಾಡಿಕೊಂಡಿದ್ದಳು, ಅದನ್ನು ಯಾರಿಗೂ ಹೇಳದೆ ಇರುವುದನ್ನೂ. ಆ ತಿರುವಿನಲ್ಲಿ ಬಲಗೈ ರೆಕ್ಕೆಯ ಹಿಡಿಯನ್ನು ಒಂದು ಕ್ಷಣ ಮೇಲಕ್ಕೆಳೆಯಿತೆ? ಎಳೆದು ಬಿಟ್ಟಿತೆ? ಕಣ್ಣಿಗೆ ಏನೋ ಗುಡ್ಡೆಯಂಥದ್ದು ಕಂಡು, ಇಳಿದು ನೋಡಬೇಕು ಅನ್ನಿಸಿ, ಇಳಿದರೆ ಒದ್ದೆಯಾಗಿಬಿಡುತ್ತೇನೆ ಅನ್ನಿಸಿತೆ? ಅಥವಾ ಇದನ್ನೆಲ್ಲ ಆಮೇಲೆ ತಾನೇ ಹೆಣೆದುಕೊಂಡದ್ದೆ? ಉದ್ದ ಮೇಜಿನ ಹಿಂದೆ ನಾಲ್ಕು ಜನ ಗಂಡಸರು ‘ಏನಾದರೂ ಕಂಡಿತ್ತಾ?’ ಎಂದು ಕೇಳಿದಾಗ ಕಂಡಿತ್ತು ಅಂದರೆ ಮುಂದಿನ ಪ್ರಶ್ನೆ ‘ಮತ್ತೆ ಯಾಕೆ ನಿಲ್ಲಿಸಲಿಲ್ಲ’. ಅದಕ್ಕೆ ಅವರ ಮುಂದೆ ಉತ್ತರ ಹೇಳುವುದೆಂತು? ‘ಏನೂ ಕಾಣಲಿಲ್ಲ’ ಅಂದಳು. ಅಂದಮೇಲೆ ಅದೇ ನಿಜವಿರಬಹುದು ಎಂಬ ಒಂದು ಸಣ್ಣ ಸಂದಿಯಲ್ಲಿ ಹನ್ನೊಂದು ತಿಂಗಳು ಕೂತಿದ್ದಳು.

ಆಗ ಸದ್ದು ಕೇಳಿಸಿತು. ಉಳಿದಿಬ್ಬರಿಗೆ ಇನ್ನೂ ಕೇಳಿಸಿರಲಿಲ್ಲ. ನಾಯಿ ತಲೆಯೆತ್ತಿತು, ಅವಳು ಎದ್ದಳು. ದೂರದಲ್ಲಿ ಉಕ್ಕು ಟಾರನ್ನು ಕೆರೆಯುವ ಸದ್ದು; ಮುಂದಿನ ಬ್ಲೇಡು ಇಳಿದಿದೆ, ರೆಕ್ಕೆ ಚಾಚಿದೆ, ಎರಡು ತಿರುವು ಕೆಳಗಿದೆ. ಕ್ಯಾಂಪರು ನಿಂತಿರುವುದು ರಸ್ತೆಗೆ ಹತ್ತಿಕೊಂಡ ಬಯಲಿನ ಅಂಚಿನಲ್ಲಿ. ಸುತ್ತ ಹಿಮ ತೊಡೆಯವರೆಗೆ. ಹೊರಗಿನಿಂದ ನೋಡಿದವರಿಗೆ ಇದೊಂದು ಗುಡ್ಡೆ. ಸಲಿಕೆ ಎತ್ತಿಕೊಂಡು, ಲೈಲ್ ‘ಏನಾಯ್ತೇ’ ಎನ್ನುವಷ್ಟರಲ್ಲಿ ಹೊರಗೆ ಬಿದ್ದು, ತೊಡೆಮಟ್ಟದ ಹಿಮದಲ್ಲಿ ಈಜುವವಳಂತೆ ರಸ್ತೆಯವರೆಗೆ ಹೋಗಿ, ಸಲಿಕೆಯನ್ನು ತಲೆಯ ಮೇಲೆ ಬೀಸತೊಡಗಿದಳು. ಕಿತ್ತಳೆ ದೀಪ ಬಿಳುಪಿನೊಳಗಿಂದ ಮೂಡಿತು. ಲಾರಿ ನಿಂತಿತು. ಕಿಟಕಿ ಇಳಿದು ಎಮೆಟ್‌ನ ಗಡ್ಡ ಹೊರಗೆ ಬಂತು. ಹದಿನೆಂಟು ವರ್ಷ ಪಕ್ಕದ ಪಾಳಿಯಲ್ಲಿ ದುಡಿದ ಎಮೆಟ್.

‘ಯಾರಪ್ಪಾ ಇದು ಗುಮ್ಮ ಅಂದ್ಕೊಂಡೆ! ಏನಮ್ಮಾ ಮಹಾರಾಣಿ, ರಜಾ ಹಾಕಿ ಹಿಮ ನೋಡೋಕೆ ಬಂದ್ಯಾ? ಮೀನಿಗೆ ಸ್ನಾನ ಮಾಡೋ ಆಸೆ ಆಯ್ತಂತೆ!’

‘ರೆಕ್ಕೆ ಎತ್ತು. ಇಲ್ಲಿ ಜನ ಇದ್ದಾರೆ.’

‘ಕಾಣ್ತಾ ಇದೆ ಬಿಡು, ಹೊಗೆ ಬರ್ತಿದೆ.’ ಅವನು ನಗು ನಿಲ್ಲಿಸಿ ಅವಳ ಮುಖ ನೋಡಿದ. ‘ಎರಡು ಗಂಟೆಗೆ ಘಾಟಿ ಗೇಟು ಹಾಕ್ತಾರೆ. ಮೇಲೆ ಹಿಮ ಜಾರೋ ಹಾಗಿದೆ. ಅಷ್ಟರೊಳಗೆ ಗಂಟುಮೂಟೆ ಕಟ್ಟಿ ಇಳಿದುಬಿಡಿ. ನಾನು ತುದಿ ಮುಟ್ಟಿ ನಿಮ್ಮ ಹಿಂದೆ ಬರ್ತೀನಿ.’

ಅವಳು ಹೋಗಲಿಲ್ಲ. ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇ ಇದ್ದಳು. ಒಳಗಿನಿಂದ ಡೀಸೆಲ್ಲು, ಒದ್ದೆ ಉಣ್ಣೆ, ಹಳೆ ಕಾಫಿಯ ವಾಸನೆ ಬರುತ್ತಿತ್ತು. ಅವಳದೇ ವಾಸನೆ ಅದು.

‘ಇನ್ನೂ ಅದೇ ಯೋಚನೆಯಲ್ಲಿ ಸಾಯ್ತಿದ್ದೀಯಾ?’ ಅಂದ ಎಮೆಟ್. ವೈಪರುಗಳನ್ನು ನೋಡುತ್ತಾ, ಹವೆಯ ಬಗ್ಗೆ ಹೇಳುವವನ ಹಾಗೆ ಹೇಳಿದ: ‘ನೋಡು ವೆಲ್ಡಾ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅವನನ್ನ ಆಂಬುಲೆನ್ಸಲ್ಲಿ ಹಾಕಿದ ಮೇಲೆ ಅಲ್ಲಿಗೆ ಮೊದಲು ಹೋದವನು ನಾನು. ಬದು ನೇರ ಇರಲಿಲ್ಲ. ಕಾರಿನ ಹತ್ತಿರ ಬಂದಾಗ ರಸ್ತೆ ಕಡೆಗೆ ಬಾಗಿ, ಕಾರು ದಾಟಿದ ಮೇಲೆ ಮತ್ತೆ ಅಂಚಿಗೆ ಬಂದಿತ್ತು. ಸೊಟ್ಟ. ನೀನು ರೆಕ್ಕೆ ಎತ್ತಿದ್ದೆ. ಕಾರಿಗೆ ತಾಗದ ಹಾಗೆ ಎತ್ತಿದ್ದೆ. ಅದಕ್ಕೇ ಮಾರಾಯ್ತಿ ಅವನು ಬದುಕಿರೋದು, ಇಲ್ಲದಿದ್ದರೆ ಡಬ್ಬಿ ಥರ ಜಜ್ಜಿ ಹೋಗ್ತಿದ್ದ. ವಿಚಾರಣೆಯವರು ಬಂದು ಅದನ್ನ ನೋಡಿ ಏನೇನೋ ಕೇಳೋ ಮುಂಚೆ ನಾನೊಂದು ಸಲ ಬ್ಲೇಡು ಹೊಡೆದು ನೇರ ಮಾಡಿಬಿಟ್ಟೆ. ಮುಗೀತು. ಈಗ ನೆಮ್ಮದಿಯಾಗಿರು.’

ಅವನು ಕಿಟಕಿ ಏರಿಸಿ, ರೆಕ್ಕೆ ಮಡಿಸಿ, ಬಯಲನ್ನು ದಾಟಿದ ಮೇಲೆ ಮತ್ತೆ ಚಾಚಿ ಹೋದ. ಅವಳ ಕಾಲ ಮುಂದೆ ಬಿಟ್ಟುಹೋದ ಬದು ಅಚ್ಚುಕಟ್ಟಾಗಿ ಬಾಗಿತ್ತು. ಅದನ್ನೇ ನೋಡುತ್ತಾ ನಿಂತಳು. ಕೈ ನೋಡಿತ್ತು. ಕೈ ನೋಡಿ, ಗುರುತು ಹಿಡಿದು, ಮಾಡಬೇಕಾದ್ದರಲ್ಲಿ ಅರ್ಧ ಮಾಡಿತ್ತು. ಉಳಿದರ್ಧವನ್ನು ಅವಳು ಮಾಡಲಿಲ್ಲ. ಇಷ್ಟು ದಿನ ಕೂತಿದ್ದ ಆ ಸಣ್ಣ ಸಂದಿಯನ್ನು ಎಮೆಟ್ ನೆಮ್ಮದಿ ಕೊಡುತ್ತೇನೆಂದು ಮುಚ್ಚಿಹೋಗಿದ್ದ. ದುಃಖ ಬರಲಿಲ್ಲ. ಬಂದದ್ದು ಕೋಪ, ಅದೂ ಅವನ ಮೇಲೆ: ಅದು ನನ್ನ ಬದು, ಅದನ್ನು ನೇರ ಮಾಡಲು ಇವನ್ಯಾರು?

ಕ್ಯಾಂಪರಿಗೆ ಬಂದು ಗೇಟಿನ ಸುದ್ದಿ ಹೇಳಿದ್ದೇ ತಡ ಮಾರ್ಗೋ ವ್ಯಾನಿಗೆ ಓಡಿ, ಹೊರಡುವ ಮೊದಲು ಎರಡು ಸಲ ಹಾರನ್ನು ಬಾರಿಸಿ ಹೋದಳು. ಲೈಲ್ ಪಾತ್ರೆಗಳನ್ನು ಕಟ್ಟುತ್ತಿದ್ದ. ‘ಛಾವಣಿ ಇಳಿಸಿಬಿಡೋಣ,’ ಅಂದ.

‘ಮೊದಲು ಮೇಲಿನದನ್ನ ಗುಡಿಸಬೇಕು.’

‘ಕರಾರು ಏನಾಗಿತ್ತು? ನಾನು ನೋಡ್ಕೋತೀನಿ ಅಂದೆನಲ್ಲ. ಮೇಲಿನ ಭಾರಕ್ಕೆ ಅದೇ ಸಲೀಸಾಗಿ ಇಳಿಯುತ್ತೆ, ಒಳ್ಳೇದೇ ಆಯ್ತು.’

‘ಲೈಲ್, ಅದು ಅರ್ಧ ಟನ್ ಇದೆ.’

‘ಶುರು ಆಯ್ತಲ್ಲ ನಿನ್ನ ಡಿಪೋ ದರ್ಬಾರು!’ ಅವನು ಛಾವಣಿಯನ್ನು ಎತ್ತಿಹಿಡಿದಿದ್ದ ಮಡಚುವ ಹಲಗೆಗಳಲ್ಲಿ ಮುಂದಿನದನ್ನು ಎಳೆದ. ಛಾವಣಿ ಇಳಿಯಲಿಲ್ಲ, ಬಿತ್ತು. ಮುಂಭಾಗ ಧಡಾರನೆ ಕುಸಿದು, ಹಿಂದಿನ ಹಲಗೆ ಸೊಟ್ಟಗಾಗಿ ಸಿಕ್ಕಿಕೊಂಡು, ಬಟ್ಟೆಯ ಗೋಡೆ ಒಂದು ಮೂಲೆಯಲ್ಲಿ ಪರ್ರೆಂದು ಹರಿದು, ಹರಿದಲ್ಲಿಂದ ಹಿಮ ಹಾಸಿಗೆಯ ಮೇಲೆ ಸುರಿಯಿತು. ಲೈಲ್ ಎಡಗೈ ಎದೆಗೊತ್ತಿಕೊಂಡು ಕೂತುಬಿಟ್ಟ. ಬೆರಳುಗಳು ಆಗಲೇ ಊದಿಕೊಳ್ಳುತ್ತಿದ್ದವು. ಅವಳು ಮುಟ್ಟಿ ನೋಡಿದಳು: ಮುರಿದಂತಿರಲಿಲ್ಲ, ಮಡಿಸಲು ಬರುತ್ತಿತ್ತು. ಹಿಮವನ್ನೇ ಒಂದು ಕಾಲುಚೀಲದಲ್ಲಿ ತುಂಬಿ ಕಟ್ಟಿದಳು.

‘ಹೇಳಿಬಿಡು,’ ಅಂದ ಅವನು. ‘ನಾನು ಹೇಳಿರಲಿಲ್ವಾ ಅಂತ ಹೇಳಿಬಿಡು.’

‘ನನಗೆ ಕಂಡಿತ್ತು ಲೈಲ್.’

‘ಏನು? ಛಾವಣಿನಾ?’

‘ಹಾರ್ಲನ್ ಕಾರು. ಗುಡ್ಡೆ ಕಂಡಿತ್ತು. ರೆಕ್ಕೆ ಎತ್ತಿದೆ. ನಿಲ್ಲಿಸಲಿಲ್ಲ. ಮೂತ್ರಕ್ಕೆ ಅವಸರ ಆಗಿತ್ತು, ಅದಕ್ಕೆ ನಿಲ್ಲಿಸಲಿಲ್ಲ. ಆಮೇಲೆ ಕಾಣಲಿಲ್ಲ ಅಂತ ಹೇಳಿದೆ.’

ಬಗ್ಗಿ ನಿಲ್ಲುವಷ್ಟೂ ಎತ್ತರ ಉಳಿದಿರಲಿಲ್ಲ ಅಲ್ಲಿ. ಇಬ್ಬರೂ ಮಕ್ಕಳ ಹಾಗೆ ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಈಗ ಅವನು ನನ್ನ ಬೆನ್ನು ಸವರುತ್ತಾನೆ, ಸವರಿದರೆ ಕಿರುಚಿಬಿಡುತ್ತೇನೆ ಅಂದುಕೊಂಡಳು. ಅವನು ಸವರಲಿಲ್ಲ. ಮುಖ ನಿಧಾನವಾಗಿ ಕೆಂಪೇರಿತು, ಮೊದಲು ಕಿವಿ, ಆಮೇಲೆ ಕುತ್ತಿಗೆ.

‘ಹನ್ನೊಂದು ತಿಂಗಳು,’ ಅಂದ. ‘ಹನ್ನೊಂದು ತಿಂಗಳಿಂದ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ಚರ್ಚಲ್ಲಿ ಹೇಳ್ದೆ. ನೆಲ್ಲಿ ಮನೇಲಿ ಅವಳ ಅಡುಗೆ ಮೇಜಿನ ಮುಂದೆ ಕೂತು, ಅವನು ಪಕ್ಕದಲ್ಲೇ ಸ್ಪೂನು ಹಿಡಿಯೋಕೆ ಒದ್ದಾಡ್ತಿರುವಾಗ, ನನ್ನ ಹೆಂಡತಿಗೆ ಕಂಡಿರಲಿಲ್ಲ ನೆಲ್ಲಿ, ಪ್ರಮಾಣ ಮಾಡ್ತೀನಿ ಅಂದೆ. ಇವತ್ತು ಬೆಳಿಗ್ಗೆ ಯಾವಳೋ ದಾರಿಹೋಕಳಿಗೂ ಹೇಳ್ದೆ. ನೀನು ಅಲ್ಲೇ ಕೂತಿದ್ದೆ! ಕೇಳಿಸಿಕೊಳ್ತಾ ಕೂತಿದ್ದೆ! ನನ್ನನ್ನ ಏನು ಅಂದ್ಕೊಂಡಿದೀಯೇ ನೀನು? ನಿನ್ನ ಗಂಡನೋ, ನಿನ್ನ ಸುಳ್ಳು ಹೊರೋ ಕತ್ತೆಯೋ?’

‘ಹೇಳೋಣ ಅಂತಿದ್ದೆ...’

‘ಮಾತಾಡಬೇಡ.’ ಅವನು ತೆವಳಿಕೊಂಡು ಹೊರಗೆ ಹೋದ. ಪಿಕಪ್ಪಿನ ಮುಂದಿನ ಬಾಗಿಲು ತೆಗೆದು ಹಾಕಿದ ರಭಸಕ್ಕೆ ಇಡೀ ಗಾಡಿ ಅಲುಗಿತು.

ಅವನ ಸಿಟ್ಟು ಹಾರ್ಲನ್‌ಗಾಗಿಯೇ ಇರಲಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಬಹುಪಾಲು ಅವನದೇ ಮರ್ಯಾದೆಗಾಗಿ. ಆದರೂ ಅದು ಸಿಟ್ಟು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಯಾರೋ ಅವಳ ಮೇಲೆ ಸಿಟ್ಟಾಗಿದ್ದರು. ಅವಳು ಏಣಿ ಹಾಕಿ ಹತ್ತಿ, ಸಲಿಕೆಯಿಂದ ಛಾವಣಿಯ ಹಿಮವನ್ನು ಕತ್ತರಿಸಿ ಕತ್ತರಿಸಿ ಕೆಳಗೆ ತಳ್ಳತೊಡಗಿದಳು. ಒದ್ದೆ ಹಿಮ ಇಟ್ಟಿಗೆಗಳಂತೆ ಬಿತ್ತು. ಸಿಕ್ಕಿಕೊಂಡ ಹಲಗೆಯನ್ನು ಬೂಟುಗಾಲಿನಿಂದ ಒದ್ದು ಮಡಿಸಿದಳು. ಹರಿದ ಬಟ್ಟೆಯನ್ನು ಒಳಗೆ ತುರುಕಿ, ಪೂರ್ತಿ ಕೂರದ ಛಾವಣಿಯನ್ನು ಪಟ್ಟಿಯಿಂದ ಬಿಗಿದಳು. ಕುಡುಕನ ಟೊಪ್ಪಿಯ ಹಾಗೆ ಒಂದು ಕಡೆಗೆ ವಾಲಿ ಕೂತಿತು. ಟೈರುಗಳ ಮುಂದೆ ದಾರಿ ಬಿಡಿಸಿಕೊಳ್ಳುವಷ್ಟರಲ್ಲಿ ಒಂದೂವರೆಯಾಗಿತ್ತು. ಲೈಲ್ ಒಂದೇ ಕೈಯಲ್ಲಿ ಚಕ್ರ ಹಿಡಿದು ಚಾಲಕನ ಜಾಗದಲ್ಲಿ ಕೂತಿದ್ದ. ಅವಳು ಬಾಗಿಲು ತೆರೆದು ನಿಂತಳು. ಅವನು ತನ್ನ ಕೈ ನೋಡಿಕೊಂಡ, ಇಳಿಜಾರು ನೋಡಿದ, ಆ ಕಡೆಗೆ ಸರಿದ.

ಚಕ್ರ ತಣ್ಣಗಿತ್ತು. ಹನ್ನೊಂದು ತಿಂಗಳ ಮೇಲೂ ಕೈಗಳಿಗೆ ಏನನ್ನೂ ನೆನಪಿಸಬೇಕಾಗಿರಲಿಲ್ಲ. ಅದೇ ಅವಳಿಗೆ ಹೇಸಿಗೆಯೆನಿಸಿತು. ಎಮೆಟ್ ತಳ್ಳಿದ ದಾರಿಯಲ್ಲಿ ಆಗಲೇ ನಾಲ್ಕು ಬೆರಳು ಹೊಸ ಹಿಮ. ಮೊದಲ ತಿರುವು ದಾಟಿದ ಮೇಲೆ ಬಲಗಡೆಯ ತಂಗುಜಾಗದಲ್ಲಿ ಒಂದು ಗುಡ್ಡೆ. ಅವಳು ನಿಲ್ಲಿಸಿದಳು.

‘ಅದು ಕಸದ ತೊಟ್ಟಿ,’ ಅಂದ ಲೈಲ್. ಅವನು ಬಾಯಿಬಿಟ್ಟದ್ದು ಅದೇ ಮೊದಲು. ‘ಮೂವತ್ತು ವರ್ಷದಿಂದ ಅಲ್ಲೇ ಇದೆ.’

ಗೊತ್ತು, ಅವಳಿಗೂ ಗೊತ್ತು. ಇಳಿದು ಹೋಗಿ ಸಲಿಕೆ ಹಾಕಿದಳು. ಸಿಮೆಂಟಿನ ಅಂಚು ಸಿಕ್ಕಿತು; ಸಾಲದೆಂದು ಸುತ್ತಲೂ ಅಗೆದಳು, ಹಿಂದೆಯೂ ಅಗೆದಳು, ನೆಲ ಸಿಕ್ಕುವವರೆಗೆ. ಬೆವರಿದಳು. ತಿರುಗಿ ಬಂದು ಕೂತಾಗ ಅವನು ಕಿಟಕಿಯ ಕಡೆ ಮುಖ ಮಾಡಿದ್ದ.

‘ತೊಟ್ಟಿ,’ ಅಂದಳು.

ಗೇರು ಹಾಕಿದಳು. ಇನ್ನೂರು ಗಜ ಹೋಗಿರಬಹುದು. ಹಿಮ ದಪ್ಪಗಾಗಿ ಗಾಜಿಗೆ ಬಡಿಯುತ್ತಿತ್ತು, ವೈಪರು ಒಂದು ಕಡೆಯಿಂದ ಒರೆಸುವಷ್ಟರಲ್ಲಿ ಇನ್ನೊಂದು ಕಡೆ ಮುಚ್ಚುತ್ತಿತ್ತು. ಅವಳ ಕಣ್ಣಿಗೆ ರಸ್ತೆಯಷ್ಟೇ ಕಾಣುತ್ತಿತ್ತು. ಲೈಲ್ ಇದ್ದಕ್ಕಿದ್ದಂತೆ ಕಾಲುಚೀಲ ಸುತ್ತಿದ ಕೈಯನ್ನೆತ್ತಿ ಗಾಜಿಗೆ ತಾಗಿಸಿ ತೋರಿಸಿದ.

‘ಅಲ್ಲೊಂದಿದೆ.’

ಅಣಕವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಮರಗಳ ಬುಡದಲ್ಲಿ ಏನೋ ಉಬ್ಬಿತ್ತು, ಕಾರಿನಷ್ಟು ಉದ್ದವೂ ಅಲ್ಲದ, ಬಂಡೆಯಷ್ಟು ಉರುಟೂ ಅಲ್ಲದ ಉಬ್ಬು. ಅವಳು ಬ್ರೇಕು ಒತ್ತಿ ಅವನತ್ತ ತಿರುಗಿದಳು. ಅವನ ದವಡೆ ಇನ್ನೂ ಬಿಗಿದುಕೊಂಡೇ ಇತ್ತು.

‘ನನ್ನ ಮುಖ ಏನು ನೋಡ್ತೀಯ? ಹೋಗು,’ ಅಂದ. ‘ಸರಿಯಾಗಿ ನೋಡ್ಕೊಂಡು ಬಾ.’

ಅವಳು ಸಲಿಕೆ ತೆಗೆದುಕೊಂಡು ಇಳಿದಳು.